ಮ್ಯೂಕರ್‌ನಲ್ಲೊಂದು ಬ್ಯಾಣ

ಇಂಗ್ಲೆಂಡಿನಲ್ಲಿರುವ ನಮ್ಮೆಲ್ಲರ ಮನೆಗಳಲ್ಲೂ ಬೇಸಿಗೆ ಬಂತೆಂದರೆ ಒಂದು ಸಮಸ್ಯೆ ತಲೆದೋರುತ್ತದೆ. ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ, ಅಣ್ಣ-ಅತ್ತಿಗೆ ಹೀಗೆ ಯಾರಾದರೂ ಬಂದಿಳಿಯುತ್ತಾರೆ. ಅವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಲಂಡನ್ನಿನ ದೊಡ್ಡ ಚಕ್ರ ಆಯಿತು, ರಾಜರ ಅರಮನೆ ಆಯಿತು, ಶೇಕ್ಸ್‌ಪಿಯರ್ ಹುಟ್ಟಿದ ಮನೆ ಆಯಿತು, ವಿಂಡರ್‌ಮಿಯರ್‌ನಲ್ಲಿ ದೋಣಿ ವಿಹಾರ ಆಯಿತು, ಟಿವಿಡೇಲ್‌ನ ಬಾಲಾಜಿ ದರ್ಶನವೂ ಆಯಿತು. ಇನ್ನೂ ನಾಲ್ಕು ತಿಂಗಳು ಉಳಿದಿರುತ್ತದೆ!

ನಮ್ಮ ಮನೆಗೆ ಜೂನ್ ತಿಂಗಳಲ್ಲಿ ಬಂದವರನ್ನು ನಾನು ಹುಲ್ಲು ನೋಡಲು ಕರೆದುಕೊಂಡು ಹೋಗುತ್ತೇನೆ. ಹೌದು, ಹುಲ್ಲು. 'ಎಂಟು ಸಾವಿರ ಕಿಲೋಮೀಟರ್ ಹಾರಿ ಬಂದವರಿಗೆ ಹುಲ್ಲು ತೋರಿಸ್ತೀರಲ್ಲ, ಅವರೇನು ದನಗಳೇ?' ಎಂದು ನನ್ನ ಶ್ರೀಮತಿ ಮೊದಮೊದಲು ಗೊಣಗುತ್ತಿದ್ದಳು. ಈಗ ಅವಳೇ ಪುಳಿಯೋಗರೆ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕುಳಿತಿರುತ್ತಾಳೆ.

ನಾನು ಹೇಳುತ್ತಿರುವುದು ಯಾರ್ಕ್‌ಶೈರ್ ಡೇಲ್ಸ್‌ನ ಉತ್ತರ ತುದಿಯಲ್ಲಿರುವ ಸ್ವೇಲ್‌ಡೇಲ್ ಕಣಿವೆಯ ಮ್ಯೂಕರ್ ಎಂಬ ಪುಟ್ಟ ಹಳ್ಳಿಯ ಹುಲ್ಲುಗಾವಲುಗಳ ಬಗ್ಗೆ. ಹಾವ್ಸ್ ಪಟ್ಟಣದಿಂದ ಬಟರ್‌ಟಬ್ಸ್ ಘಾಟಿ ಹತ್ತಿ ಇಳಿಯಬೇಕು. 2014ರಲ್ಲಿ ಫ್ರಾನ್ಸಿನ ಪ್ರಸಿದ್ಧ ಸೈಕಲ್ ಸ್ಪರ್ಧೆ ಇಂಗ್ಲೆಂಡಿನಿಂದ ಶುರುವಾದಾಗ ಸವಾರರು ಇದೇ ಘಾಟಿ ಹತ್ತಿದ್ದರು. ಮೇಲೆ ಗಾಳಿ, ಕುರಿ, ಕಂದು ಬಣ್ಣದ ಜೌಗು ಬಿಟ್ಟರೆ ಏನೂ ಇಲ್ಲ. ಇಳಿಯುತ್ತ ಇಳಿಯುತ್ತ ಕಣಿವೆ ತೆರೆದುಕೊಳ್ಳುತ್ತದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಪಾಗಾರಗಳು, ಅವುಗಳ ನಡುವೆ ಒಂದೊಂದೂ ಅರ್ಧ ಎಕರೆ, ಎರಡು ಎಕರೆಯ ಹೊಲಗಳು, ಒಂದು ಬಿಟ್ಟು ಒಂದು ಹೊಲಕ್ಕೆ ಒಂದು ಕಲ್ಲಿನ ಕೊಟ್ಟಿಗೆ. ಹೊಲವೆಂದೆ, ಆದರೆ ಇಲ್ಲಿ ಯಾವ ಬೆಳೆಯೂ ಇಲ್ಲ. ಎಲ್ಲವೂ ಹುಲ್ಲು. ಜೂನ್ ಮೂರನೆಯ ವಾರದಲ್ಲಿ ಹೋದರೆ ಹುಲ್ಲು ಕಾಣುವುದಿಲ್ಲ, ಹೂವಷ್ಟೇ ಕಾಣುತ್ತದೆ.

ಮ್ಯೂಕರ್‌ನ ಮನೆಗಳ ಹಿಂದಿನಿಂದ ಒಂದು ಕಾಲುದಾರಿ ಈ ಹುಲ್ಲುಗಾವಲುಗಳನ್ನು ಸೀಳಿಕೊಂಡು ಸ್ವೇಲ್ ನದಿಯ ಕಡೆಗೆ ಹೋಗುತ್ತದೆ. ದಾರಿಗೆ ಕಲ್ಲುಚಪ್ಪಡಿ ಹಾಸಿದ್ದಾರೆ, ಒಬ್ಬರ ಹಿಂದೊಬ್ಬರು ಮಾತ್ರ ನಡೆಯಬೇಕೆಂದು ಫಲಕವಿದೆ. ಪ್ರತಿ ಪಾಗಾರದಲ್ಲೂ ಒಬ್ಬ ಮನುಷ್ಯ ತೂರುವಷ್ಟು ಸಂದು, ಸಂದಿಗೊಂದು ಪುಟ್ಟ ಮರದ ಬಾಗಿಲು. ಮನುಷ್ಯ ದಾಟಬೇಕು, ದನ ದಾಟಬಾರದು. ನಮ್ಮ ಮಲೆನಾಡಿನ ದಣಪೆಯೇ! ನಿಮ್ಮ ಹೊಟ್ಟೆ ಸ್ವಲ್ಪ ಮುಂದೆ ಬಂದಿದ್ದರೆ ಅಡ್ಡಡ್ಡ ನಡೆಯಬೇಕಾಗುತ್ತದೆ. ರೋಗಿಗಳಿಗೆ ತೂಕ ಇಳಿಸಿರೆಂದು ಉಪದೇಶ ಮಾಡುವ ನನಗೂ ಅಲ್ಲಿ ಪ್ರತಿ ವರ್ಷ ಉಚಿತ ತಪಾಸಣೆ ಆಗುತ್ತದೆ.

ಮೊದಲ ಹೊಲಕ್ಕೆ ಕಾಲಿಟ್ಟ ಕೂಡಲೇ ಎದುರಾಗುವುದು ಬಟರ್‌ಕಪ್‌ನ ಹಳದಿ. ಅದು ಎಲ್ಲೆಡೆಯೂ ಇರುವುದೇ. ಕಣ್ಣು ಸ್ವಲ್ಪ ಪಳಗಿದ ಮೇಲೆ ಅದರ ಕೆಳಗೆ ಬೇರೆ ಬೇರೆ ಬಣ್ಣಗಳು ಕಾಣತೊಡಗುತ್ತವೆ. ನೀಲಿಗೂ ನೇರಳೆಗೂ ನಡುವಿನ ಬಣ್ಣದ್ದು ವುಡ್ ಕ್ರೇನ್ಸ್‌ಬಿಲ್. ಅದರ ಕಾಯಿ ಕೊಕ್ಕರೆಯ ಕೊಕ್ಕಿನಂತೆ ಚೂಪಾಗಿರುವುದರಿಂದ ಆ ಹೆಸರು. ಒಣಗಿದ ರಕ್ತದ ಬಣ್ಣದ ಗುಂಡು ತಲೆಯದು ಗ್ರೇಟ್ ಬರ್ನೆಟ್. ಅದರ ಲ್ಯಾಟಿನ್ ಹೆಸರಿನ ಅರ್ಥವೇ 'ರಕ್ತ ಹೀರುವುದು'. ಗಾಯದ ರಕ್ತ ನಿಲ್ಲಿಸಲು ಹಿಂದಿನವರು ಅದನ್ನು ಬಳಸುತ್ತಿದ್ದರು. ಕೊತ್ತಂಬರಿ ಹೂವಿನಂತೆ ಬಿಳಿ ಕೊಡೆ ಬಿಡಿಸಿದ್ದು ಪಿಗ್‌ನಟ್; ಅದು ನಿಜಕ್ಕೂ ಕೊತ್ತಂಬರಿಯ ಕುಟುಂಬದ್ದೇ. ಲೇಡೀಸ್ ಮ್ಯಾಂಟಲ್ ಎಂಬುದರ ಹೂವು ಅಷ್ಟಕ್ಕಷ್ಟೆ, ಆದರೆ ಅದರ ಎಲೆಯ ಮೇಲೆ ನೀರಿನ ಹನಿ ಕೆಸುವಿನೆಲೆಯ ಮೇಲಿನಂತೆಯೇ ಮುತ್ತಾಗಿ ನಿಲ್ಲುತ್ತದೆ. ಹೊಲದ ಅಂಚಿನ ತಂಪಿನಲ್ಲಿ ಮೆಲಂಕಲಿ ಥಿಸಲ್, ಅಂದರೆ ವಿಷಾದದ ಮುಳ್ಳುಗಿಡ. ಹೆಸರಿನಲ್ಲಿ ಮುಳ್ಳಿದ್ದರೂ ಗಿಡದಲ್ಲಿ ಮುಳ್ಳಿಲ್ಲ. ಹದಿನೇಳನೆಯ ಶತಮಾನದ ಮೂಲಿಕೆ ಪಂಡಿತ ನಿಕೊಲಸ್ ಕಲ್ಪೆಪರ್ ಅದರ ಕಷಾಯವನ್ನು ದ್ರಾಕ್ಷಾರಸದಲ್ಲಿ ಕುಡಿದರೆ ವಿಷಾದ ಹೋಗುತ್ತದೆಂದು ಬರೆದಿದ್ದಾನೆ. ಹೋಗಿದ್ದು ಗಿಡದಿಂದಲೋ ದ್ರಾಕ್ಷಾರಸದಿಂದಲೋ ಎಂಬುದನ್ನು ಯಾರೂ ಪರೀಕ್ಷೆ ಮಾಡಿದಂತಿಲ್ಲ.

ಈ ಹೆಸರುಗಳೆಲ್ಲ ನನಗೆ ಪುಸ್ತಕದಿಂದ ಬಂದವಲ್ಲ. ಅದನ್ನು ಹೇಳಲು ಸ್ವಲ್ಪ ಹಿಂದೆ ಹೋಗಬೇಕು.

ನಾನು ಈ ದೇಶಕ್ಕೆ ಬಂದದ್ದು 1999ರಲ್ಲಿ. ಎಂ.ಡಿ. ಮುಗಿಸಿ, ಇಲ್ಲಿನ ಪರೀಕ್ಷೆ ಪಾಸು ಮಾಡಿ, ಒಂದು ಸೂಟ್‌ಕೇಸ್ ಹಿಡಿದು ಬಂದವರ ಸಾಲಿನಲ್ಲಿ ನಾನೂ ಒಬ್ಬ. ಉತ್ತರ ಇಂಗ್ಲೆಂಡಿನ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಎರಡನೆಯ ಬೇಸಿಗೆಯಲ್ಲೇ ಮೂಗು ಸೋರಲು, ಕಣ್ಣು ತುರಿಸಲು ಶುರುವಾಯಿತು. ಹೇ ಫೀವರ್! ಊರಿನಲ್ಲಿ ಹುಲ್ಲಿನ ಮೇಲೇ ಹೊರಳಾಡಿ ಬೆಳೆದವನಿಗೆ ಇಲ್ಲಿನ ಹುಲ್ಲಿನ ಪರಾಗ ಆಗಿಬರಲಿಲ್ಲ. ಈ ಕಾಯಿಲೆಯನ್ನು ಮೊದಲು ಕ್ರಮವಾಗಿ ವಿವರಿಸಿದ ಜಾನ್ ಬೋಸ್ಟಾಕ್ ಎಂಬ ವೈದ್ಯ 1819ರಲ್ಲಿ ಬರೆದದ್ದು ತನ್ನದೇ ಮೂಗು-ಕಣ್ಣಿನ ಕಥೆಯನ್ನು. ಕಾರಣ ಪರಾಗವೆಂದು ತೋರಿಸಿಕೊಟ್ಟವನು ಮ್ಯಾಂಚೆಸ್ಟರ್‌ನ ಚಾರ್ಲ್ಸ್ ಬ್ಲ್ಯಾಕ್ಲಿ, 1873ರಲ್ಲಿ. ಅವನೂ ಪ್ರಯೋಗ ಮಾಡಿಕೊಂಡದ್ದು ತನ್ನ ಮೇಲೆಯೇ. ಆದ್ದರಿಂದ ವೃತ್ತಿ ಪರಂಪರೆಗೆ ತಕ್ಕಂತೆ ನಾನೂ ಸೀನುತ್ತಲೇ ಹುಲ್ಲುಗಾವಲಿಗೆ ಹೋಗುತ್ತೇನೆ, ಜೇಬಿನಲ್ಲಿ ಸೆಟಿರಿಜಿನ್ ಮಾತ್ರೆ ಇಟ್ಟುಕೊಂಡು.

ಇಲ್ಲಿನ ಕಾಲುದಾರಿಗಳ ಹುಚ್ಚು ಹಿಡಿಸಿದ್ದು ಆಸ್ಪತ್ರೆಯ ಒಬ್ಬ ಹಿರಿಯ ದಾದಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 2,25,000 ಕಿಲೋಮೀಟರ್ ಸಾರ್ವಜನಿಕ ಹಾದಿಗಳಿವೆ. ಅವುಗಳಲ್ಲಿ ಹೆಚ್ಚಿನವು ಖಾಸಗಿ ಜಮೀನಿನ ಮೇಲೇ ಹಾದುಹೋಗುತ್ತವೆ. ಜಮೀನು ಯಾರದ್ದೇ ಇರಲಿ, ದಾರಿ ಎಲ್ಲರದು. ಹಿಂದಿನಿಂದ ಜನ ನಡೆದಿದ್ದಾರೆ ಎನ್ನುವುದೇ ಎಷ್ಟೋ ಕಡೆ ಅದಕ್ಕಿರುವ ಆಧಾರ. 1949ರ ಕಾಯಿದೆಯ ನಂತರ ಒಂದೊಂದು ಜಿಲ್ಲೆಯೂ ತನ್ನ ದಾರಿಗಳನ್ನು ನಕ್ಷೆಯಲ್ಲಿ ಗುರುತಿಸಬೇಕಾಯಿತು. ಸ್ವೇಲ್‌ಡೇಲ್‌ನಲ್ಲೇ ಕೆಲ್ಡ್‌ನಿಂದ ಗ್ರಿಂಟನ್‌ವರೆಗೆ ಒಂದು 'ಹೆಣದ ದಾರಿ' ಇದೆ. ಮೇಲಿನ ಹಳ್ಳಿಗಳಲ್ಲಿ ಹೂಳಲು ಚರ್ಚಿನ ನೆಲವಿರಲಿಲ್ಲವಾದ್ದರಿಂದ ಹೆಣಗಳನ್ನು ಬೆತ್ತದಂಥ ಕಡ್ಡಿಗಳಿಂದ ಹೆಣೆದ ಪೆಟ್ಟಿಗೆಯಲ್ಲಿಟ್ಟು ಗ್ರಿಂಟನ್‌ಗೆ ಹೊತ್ತೊಯ್ಯುತ್ತಿದ್ದರು. ದಾರಿಯಲ್ಲಿ ರಾತ್ರಿ ಕಳೆಯಬೇಕಾಗುತ್ತಿತ್ತಂತೆ. 1580ರಲ್ಲಿ ಮ್ಯೂಕರ್‌ನಲ್ಲಿ ಚರ್ಚು ಆದ ಮೇಲೆ ಆ ಕಷ್ಟ ತಪ್ಪಿತು. ಹೊರುವವರು ಹೋದರೂ ದಾರಿ ಇನ್ನೂ ಇದೆ.

2001ರ ಫೆಬ್ರವರಿಯಲ್ಲಿ ನಾನು ಹೊಸ ಬೂಟು, ಹೊಸ ನಕ್ಷೆ ಕೊಂಡುಕೊಂಡೆ. ಅದೇ ತಿಂಗಳು ದನಗಳಿಗೆ ಕಾಲುಬಾಯಿ ರೋಗ ಬಂತು. ದೇಶದ ತುಂಬ ಕಾಲುದಾರಿಗಳನ್ನು ಮುಚ್ಚಿದರು. ದಣಪೆಗಳಿಗೆ ಹಗ್ಗ ಬಿಗಿದು ಕೆಂಪು ಅಕ್ಷರದ ಫಲಕ ತೂಗುಹಾಕಿದರು. ಟಿ.ವಿ.ಯಲ್ಲಿ ಪ್ರತಿ ಸಂಜೆ ದನಗಳ ಚಿತೆ. ನಮ್ಮೂರಲ್ಲಿ ಈ ರೋಗ ಬಂದರೆ ದನಕ್ಕೆ ಉಪಚಾರ ಮಾಡುತ್ತಿದ್ದರು, ಕೆಲವು ಸಾಯುತ್ತಿದ್ದವು, ಹೆಚ್ಚಿನವು ಏಳುತ್ತಿದ್ದವು. ಇಲ್ಲಿ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಂದು ಸುಟ್ಟರು. ಆ ವರ್ಷ ನಾನು ಹೊಸ ಬೂಟು ಹಾಕಿಕೊಂಡು ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆದೆ. ಮ್ಯೂಕರ್ ಮೊದಲು ನೋಡಿದ್ದು 2002ರ ಜೂನ್‌ನಲ್ಲಿ.

ನನ್ನ ಗುರು ಸಿಕ್ಕಿದ್ದು ಅದಾದ ಆರು ವರ್ಷದ ಮೇಲೆ, ಔಟ್‌ಪೇಷಂಟ್ ಕ್ಲಿನಿಕ್ಕಿನಲ್ಲಿ. ಎಪ್ಪತ್ತು ದಾಟಿದ ಒಬ್ಬ ರೈತ. ರೋಗಿಯ ಗುಟ್ಟು ಕಾಯುವುದು ನಮ್ಮ ಧರ್ಮವಾದ್ದರಿಂದ ಹೆಸರಾಗಲೀ ಊರಾಗಲೀ ಹೇಳುವುದಿಲ್ಲ, ಒಂದೆರಡು ವಿವರ ಬದಲಿಸಿಯೂ ಇದ್ದೇನೆ. ಹೃದಯದ ಬಡಿತ ಲಯ ತಪ್ಪಿತ್ತು. ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಾರದೆಂದು ವಾರ್ಫರಿನ್ ಕೊಡಬೇಕಿತ್ತು. ಚೀಟಿ ಬರೆದುಕೊಟ್ಟೆ. ಅವರು ಅದನ್ನು ದೂರ ಹಿಡಿದು ಓದಿ, 'ಡಾಕ್ಟರೇ, ಇದು ಇಲಿ ಪಾಷಾಣ ಅಲ್ಲವೇ? ನನ್ನ ಕೊಟ್ಟಿಗೆಯಲ್ಲಿ ಒಂದು ಡಬ್ಬ ಇದೆ, ಅದನ್ನೇ ತಿನ್ನಲೇ?' ಎಂದರು.

ನಾನು ನಕ್ಕು ಆ ಮಾತ್ರೆಯ ಕಥೆ ಹೇಳಿದೆ. 1933ರ ಫೆಬ್ರವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಒಬ್ಬ ರೈತ ಹಿಮಗಾಳಿಯಲ್ಲಿ ಲಾರಿ ಓಡಿಸಿಕೊಂಡು ಮ್ಯಾಡಿಸನ್ ಊರಿಗೆ ಬಂದ. ಲಾರಿಯಲ್ಲಿ ಒಂದು ಸತ್ತ ಕಡಸು, ಒಂದು ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ, ಒಂದಿಷ್ಟು ಕೆಟ್ಟುಹೋದ ಒಣಹುಲ್ಲು. ಅವನ ದನಗಳು ರಕ್ತ ಸೋರಿ ಸಾಯುತ್ತಿದ್ದವು. ಅವನು ತಟ್ಟಿದ್ದು ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನ ವಿಜ್ಞಾನಿಯ ಬಾಗಿಲು. ಸ್ವೀಟ್ ಕ್ಲೋವರ್ ಎಂಬ ಮೇವಿನಲ್ಲಿರುವ ಕೂಮರಿನ್ ಎಂಬ ಸುವಾಸನೆಯ ವಸ್ತು, ಹುಲ್ಲಿಗೆ ಬೂಷ್ಟು ಹಿಡಿದಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವಾಗುತ್ತದೆ ಎಂದು ಲಿಂಕ್ ತಂಡದವರು ಕೆಲವು ವರ್ಷಗಳ ಬಳಿಕ ಕಂಡುಹಿಡಿದರು. ಅದೇ ಜಾಡಿನಲ್ಲಿ ತಯಾರಾದದ್ದು ವಾರ್ಫರಿನ್. 1948ರಲ್ಲಿ ಇಲಿಗೆ, 1954ರಲ್ಲಿ ಮನುಷ್ಯನಿಗೆ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ 1955ರಲ್ಲಿ ಹೃದಯಾಘಾತವಾದಾಗ ಇದನ್ನೇ ಕೊಟ್ಟರು.

ರೈತ ಎಲ್ಲವನ್ನೂ ಕೇಳಿಸಿಕೊಂಡು, 'ಸರಿಯಾಗಿ ಒಣಗಿಸದೆ ಒಳಗೆ ಹಾಕಿದ್ದಾನೆ. ಅದು ಹುಲ್ಲಿನ ತಪ್ಪಲ್ಲ' ಎಂದರು. ಹಸಿ ಹುಲ್ಲು ಒಟ್ಟಿದರೆ ತನ್ನ ಕಾವಿಗೆ ತಾನೇ ಹೊತ್ತಿಕೊಳ್ಳುತ್ತದೆ, ಬೂಷ್ಟು ಹಿಡಿದದ್ದನ್ನು ಕೊಡವಿದರೆ ರೈತನ ಶ್ವಾಸಕೋಶವೇ ಕೆಡುತ್ತದೆ. ಎರಡನೆಯದು ನನಗೆ ಪಠ್ಯಪುಸ್ತಕದಿಂದ ಗೊತ್ತಿತ್ತು, ಅವರಿಗೆ ಅವರ ತಂದೆಯ ಕೆಮ್ಮಿನಿಂದ. ಆಮೇಲೆ ಅವರು ಕೇಳಿದರು, 'ನೀವು ಹುಲ್ಲು ನೋಡಿದ್ದೀರಾ?' ನಾನು, ನಮ್ಮ ಮನೆಗೂ ಹುಲ್ಲಿನ ಜಮೀನಿತ್ತು, ಕತ್ತಿಯಿಂದ ಕೊಯ್ದಿದ್ದೇನೆ ಎಂದೆ. ಅವರು ನನ್ನ ಟೈ, ಕತ್ತಿನ ಸ್ಟೆತೊಸ್ಕೋಪು ನೋಡಿದರು. ನಂಬಿದಂತೆ ಕಾಣಲಿಲ್ಲ. 'ನನ್ನ ಹೊಲದ ಮೇಲೆ ಸಾರ್ವಜನಿಕ ದಾರಿಯಿದೆ. ನನ್ನ ಅಪ್ಪಣೆ ಬೇಕಿಲ್ಲ, ಜೂನ್‌ನಲ್ಲಿ ಬನ್ನಿ' ಎಂದು ಎದ್ದು ಹೋದರು. ಹೋದೆ. ಆಮೇಲೆ ಹತ್ತು-ಹನ್ನೆರಡು ಬೇಸಿಗೆ ತಪ್ಪದೆ ಹೋದೆ.

ನಾನು ಅಲ್ಲಿಯತನಕ ಇವನ್ನು ಕಾಡುಹೂವು ಎಂದುಕೊಂಡಿದ್ದೆ. ತಾನಾಗಿ ಬೆಳೆದದ್ದು, ದೇವರು ಕೊಟ್ಟದ್ದು. ಅವರು ಅದನ್ನು ಒಪ್ಪಲೇ ಇಲ್ಲ. 'ನಾನು ಎರಡು ವರ್ಷ ಸುಮ್ಮನೆ ಕೂತರೆ ಇದು ಹುಲ್ಲಿನ ಮೆದೆಯಾಗುತ್ತದೆ, ಇಪ್ಪತ್ತು ವರ್ಷ ಕೂತರೆ ಕಾಡಾಗುತ್ತದೆ' ಎನ್ನುತ್ತಿದ್ದರು. ಲೆಕ್ಕ ಹೀಗಿದೆ: ಚಳಿಗಾಲ ಮುಗಿದು ಕುರಿ ಮರಿ ಹಾಕುವ ತನಕ ಹೊಲದಲ್ಲಿ ಕುರಿ ಮೇಯುತ್ತವೆ. ಮೇ ತಿಂಗಳ ಮಧ್ಯದಲ್ಲಿ ಕುರಿಗಳನ್ನು ಗುಡ್ಡಕ್ಕೆ ಅಟ್ಟಿ ಬಾಗಿಲು ಹಾಕುತ್ತಾರೆ. ಎರಡು ತಿಂಗಳು ಯಾರೂ ಕಾಲಿಡುವಂತಿಲ್ಲ. ಹೂವು ಬಿಟ್ಟು, ಕಾಯಾಗಿ, ಬೀಜ ಉದುರಿದ ಮೇಲೆ, ಜುಲೈ ಮಧ್ಯದಿಂದ ಮುಂದೆ ನಾಲ್ಕು ದಿನ ಬಿಸಿಲು ಸಿಕ್ಕಾಗ ಕೊಯ್ಲು. ಒಣಗಿದ ಹುಲ್ಲು ಹೊಲದ ಮೂಲೆಯ ಕೊಟ್ಟಿಗೆಯ ಅಟ್ಟಕ್ಕೆ. ಚಳಿಗಾಲದಲ್ಲಿ ಅದೇ ಕೊಟ್ಟಿಗೆಯಲ್ಲಿ ನಾಲ್ಕಾರು ದನ. ಮೇಲಿನಿಂದ ಹುಲ್ಲು ಕೆಳಗೆ ತಳ್ಳುವುದು, ಕೆಳಗಿನ ಸಗಣಿ ವಸಂತದಲ್ಲಿ ಅದೇ ಹೊಲಕ್ಕೆ ತೆಳುವಾಗಿ ಎರಚುವುದು. ಒಂದು ಬಿಟ್ಟು ಒಂದು ಹೊಲಕ್ಕೆ ಕೊಟ್ಟಿಗೆ ಏಕಿದೆ ಎಂಬುದು ಆಗ ಅರ್ಥವಾಯಿತು. ಹುಲ್ಲನ್ನೂ ಸಗಣಿಯನ್ನೂ ದೂರ ಹೊರುವ ಕೆಲಸವೇ ಇಲ್ಲ.

ಇಡೀ ವ್ಯವಸ್ಥೆಯ ಗುಟ್ಟು ಮಣ್ಣಿನ ಬಡತನ. ರಾಸಾಯನಿಕ ಗೊಬ್ಬರ ಹಾಕಿದರೆ ಬಲಿಷ್ಠ ಹುಲ್ಲುಗಳು ಎದ್ದು ನಿಂತು ಹೂಗಿಡಗಳ ಬಿಸಿಲು ಕಸಿಯುತ್ತವೆ. ಎರಡನೆಯ ಮಹಾಯುದ್ಧದ ಕಾಲದಿಂದ ಹೆಚ್ಚು ಬೆಳೆಯಿರಿ ಎಂದು ಸರ್ಕಾರವೇ ಬೆನ್ನು ತಟ್ಟಿತು. ಒಣಹುಲ್ಲಿನ ಬದಲು ಹಸಿ ಹುಲ್ಲನ್ನೇ ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸುವ ಸೈಲೇಜ್ ಬಂತು. ಅದಕ್ಕೆ ಬಿಸಿಲು ಕಾಯಬೇಕಿಲ್ಲ, ಮೇ ತಿಂಗಳಲ್ಲೇ ಕೊಯ್ಯಬಹುದು, ವರ್ಷಕ್ಕೆ ಎರಡು-ಮೂರು ಸಲ. ಬೀಜ ಕಟ್ಟುವ ಮೊದಲೇ ಹೂವಿನ ಕತ್ತು ಹೋಯಿತು. 1930ರ ದಶಕದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿದ್ದ ಇಂಥ ಹುಲ್ಲುಗಾವಲುಗಳಲ್ಲಿ ಶೇಕಡ 97ರಷ್ಟು 1984ರ ಹೊತ್ತಿಗೆ ಹೋಗಿದ್ದವು. ಬೆಟ್ಟದ ಸೀಮೆಯ ಈ ಬಗೆಯದು ಈಗ ಇಡೀ ಉತ್ತರ ಇಂಗ್ಲೆಂಡಿನಲ್ಲಿ ಸೇರಿ ಸಾವಿರ ಹೆಕ್ಟೇರ್ ಕೂಡ ಇಲ್ಲವೆಂಬ ಅಂದಾಜಿದೆ. ಗೊಬ್ಬರಕ್ಕೆ ಹಣ ಕೊಟ್ಟ ಸರ್ಕಾರವೇ 1987ರಿಂದ ಈ ಕಣಿವೆಗಳಲ್ಲಿ ಗೊಬ್ಬರ ಹಾಕದಿರಲು, ತಡವಾಗಿ ಕೊಯ್ಯಲು ಹಣ ಕೊಡತೊಡಗಿತು. 'ಅಪ್ಪನ ಕಾಲದಲ್ಲಿ ಹಾಕಿ ಎಂದು ಅಧಿಕಾರಿ ಬಂದಿದ್ದ, ನನ್ನ ಕಾಲದಲ್ಲಿ ಬೇಡ ಎಂದು ಬಂದ. ನಾವು ಎರಡನ್ನೂ ಕೇಳಿಸಿಕೊಂಡು ಚಹಾ ಕೊಟ್ಟು ಕಳಿಸಿದೆವು' ಎನ್ನುತ್ತಿದ್ದರು.

ಅವರಿಗೆ ಎಲ್ಲಕ್ಕಿಂತ ಅಚ್ಚುಮೆಚ್ಚು ಯೆಲ್ಲೊ ರ‍್ಯಾಟಲ್. ನೋಡಲು ಸಾಮಾನ್ಯ, ಮೊಣಕಾಲೆತ್ತರದ ಹಳದಿ ಹೂವಿನ ಗಿಡ. ಆದರೆ ಅದರ ಬೇರು ಪಕ್ಕದ ಹುಲ್ಲಿನ ಬೇರಿಗೆ ಕಚ್ಚಿಕೊಂಡು ಅದರ ನೀರು-ಸಾರ ಹೀರುತ್ತದೆ. ಅರೆ ಪರಾವಲಂಬಿ. ಹುಲ್ಲು ಸೊರಗುತ್ತದೆ, ಸೊರಗಿದ ಜಾಗದಲ್ಲಿ ಮಿಕ್ಕ ಹೂಗಿಡಗಳು ತಲೆಯೆತ್ತುತ್ತವೆ. ಹುಲ್ಲೇ ಬದುಕಾಗಿರುವ ರೈತ ಹುಲ್ಲಿನ ಶತ್ರುವನ್ನು ಮೆಚ್ಚುವುದು ಹೇಗೆ ಎಂದು ಕೇಳಿದ್ದಕ್ಕೆ, 'ನೀವು ನನಗೆ ಇಲಿ ಪಾಷಾಣ ಕೊಡುವುದಿಲ್ಲವೇ? ಎಲ್ಲವೂ ಪ್ರಮಾಣದ ಮಾತು' ಎಂದು ಬಾಯಿ ಮುಚ್ಚಿಸಿದರು. ಅದರ ಕಾಯಿ ಒಣಗಿ ಗಿಲಕಿಯಂತೆ ಸದ್ದು ಮಾಡತೊಡಗಿದರೆ ಕೊಯ್ಲಿನ ಕಾಲ ಬಂತೆಂದು ಹಳಬರ ಲೆಕ್ಕ.

ಇನ್ನು ಅಮ್ಮನ ವಿಷಯ.

ನಮ್ಮದು ಸಾಗರದ ಕಡೆಯ ಹಳ್ಳಿ. ಅಡಿಕೆ ತೋಟ, ತೋಟಕ್ಕೆ ಸೇರಿದ ಬ್ಯಾಣ. ಮಲೆನಾಡಿನವರಲ್ಲದವರಿಗಾಗಿ ಹೇಳುತ್ತೇನೆ: ಬ್ಯಾಣವೆಂದರೆ ಹುಲ್ಲಿಗೆಂದೇ ಬಿಟ್ಟ ಗುಡ್ಡ. ಅಲ್ಲೊಂದು ಇಲ್ಲೊಂದು ಮರ, ಸುತ್ತ ದನ ನುಗ್ಗದಂತೆ ತೋಡಿದ ಅಗಳ. ಮಳೆಗಾಲ ಪೂರ್ತಿ ಹುಲ್ಲು ಬೆಳೆಯಲು ಬಿಟ್ಟು ದೀಪಾವಳಿ ಕಳೆದ ಮೇಲೆ ಕರಡ ಕೊಯ್ಯುವುದು. ಅಪ್ಪ, ಆಳುಗಳು, ರಜೆಯಿದ್ದರೆ ನಾನು. ಎದೆಯೆತ್ತರದ ಹುಲ್ಲಿನೊಳಗೆ ತುಂಬೆ, ಅಗಳದ ಏರಿಯ ಮೇಲೆ ಕೆಂಪು-ಹಳದಿ ನಾಲಿಗೆ ಚಾಚಿದ ಗೌರಿ ಹೂವು. ಅದರ ಗೆಡ್ಡೆ ವಿಷ, ಮುಟ್ಟಬೇಡ ಎಂದು ಅಮ್ಮ ಹೇಳುತ್ತಿದ್ದಳು. ಆ ವಿಷದ ಹೆಸರು ಕಾಲ್ಚಿಸಿನ್ ಎಂದೂ, ಗೌಟ್‌ಗೆ ನಾನು ದಿನವೂ ಬರೆದುಕೊಡುವ ಮಾತ್ರೆ ಅದೇ ಎಂದೂ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಅಪ್ಪ 2007ರಲ್ಲಿ ತೀರಿಕೊಂಡರು. ನಾನೊಬ್ಬನೇ ಮಗ. ಮೂರು ವರ್ಷ ಎಳೆದಾಡಿ, 2010ರಲ್ಲಿ ತೋಟ ಕೊಟ್ಟುಬಿಟ್ಟೆ. ತೋಟದ ಜೊತೆ ಬ್ಯಾಣವೂ ಹೋಯಿತು. ಪವರ್ ಆಫ್ ಅಟಾರ್ನಿ ಕಾಗದಕ್ಕೆ ಭಾರತದ ದೂತಾವಾಸದಲ್ಲಿ ಮೊಹರು ಹಾಕಿಸಲು ಆಸ್ಪತ್ರೆಗೆ ಅರ್ಧ ದಿನ ರಜೆ ಹಾಕಿದ್ದೆ. ಮಧ್ಯಾಹ್ನ ವಾರ್ಡ್ ರೌಂಡಿಗೆ ವಾಪಸ್ಸು ಬಂದೆ. ಅಮ್ಮ ಸಾಗರ ಪೇಟೆಯಲ್ಲಿ ಮನೆ ಮಾಡಿದಳು.

2013ರ ಜೂನ್ ಕೊನೆಯಲ್ಲಿ ಅಮ್ಮನನ್ನು ಮ್ಯೂಕರ್‌ಗೆ ಕರೆದುಕೊಂಡು ಹೋದೆ. ಆ ವರ್ಷ ಮಾರ್ಚ್ ಪೂರ್ತಿ ಹಿಮ, ಹೂವೆಲ್ಲ ತಡವಾಗಿತ್ತು. ಸೀರೆಯ ಮೇಲೆ ನನ್ನ ಮಗಳ ಕೋಟು, ಕಾಲಿಗೆ ಬೂಟು. ಮೊದಲ ದಣಪೆ ದಾಟಿ ನಿಂತಳು. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, 'ಇದು ಬ್ಯಾಣ ಅಲ್ವೇನೋ!' ಎಂದಳು.

'ಹೌದಮ್ಮಾ, ಬ್ಯಾಣವೇ.'

'ಯಾವಾಗ ಕೊಯ್ತಾರೆ?'

ಅಲ್ಲಿಯವರೆಗೆ ನಾನು ಕರೆದುಕೊಂಡು ಹೋದ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಎಲ್ಲರೂ ಫೋಟೋ ಎಲ್ಲಿ ಚೆನ್ನಾಗಿ ಬರುತ್ತದೆಂದು ಕೇಳುವವರೇ. ಜುಲೈ ಮಧ್ಯದ ಮೇಲೆ ಎಂದೆ. 'ಬೀಜ ಉದುರಬೇಕಲ್ಲ, ಮತ್ತೆ' ಎಂದಳು. ಗೊಬ್ಬರ ಹಾಕುತ್ತಾರಾ, ಕೂಲಿಗೆ ಜನ ಸಿಗುತ್ತಾರಾ, ಪಾಗಾರದ ಕಲ್ಲು ಬಿದ್ದರೆ ಯಾರು ಕಟ್ಟುತ್ತಾರೆ ಎಂದೆಲ್ಲ ಕೇಳಿದಳು. ಪೂಜೆಗೆಂದು ನಾಲ್ಕು ಹೂವು ಕೀಳಲು ಕೈ ಚಾಚಿ, ಫಲಕದಲ್ಲಿ ಏನೋ ಬರೆದಿದೆಯಲ್ಲ ಎಂದು ಕೈ ಹಿಂದೆಗೆದುಕೊಂಡಳು. ಹುಲ್ಲಿನ ಒಂದು ಎಸಳು ಮಾತ್ರ ಮುರಿದು ಮೂಸಿದಳು. ಸ್ವೀಟ್ ವರ್ನಲ್ ಎಂಬ ಹುಲ್ಲು ಅದು. ಹೊಸದಾಗಿ ಕೊಯ್ದ ಹುಲ್ಲಿನ ಆ ಸುವಾಸನೆ ಅದರಲ್ಲಿರುವ ಕೂಮರಿನ್‌ನದು, ವಾರ್ಫರಿನ್ನಿನ ದೊಡ್ಡಜ್ಜಿ.

ನದಿಯ ಹತ್ತಿರ ಕಲ್ಲಿನ ಮೇಲೆ ಕುಳಿತು ಪುಳಿಯೋಗರೆ ತಿನ್ನುವಾಗ ಅಮ್ಮ ಕೇಳಿದಳು, 'ನಮ್ಮ ಬ್ಯಾಣ ಈಗ ಹ್ಯಾಗಿದ್ಯೋ ಏನೋ?'

ನನಗೆ ಗೊತ್ತಿತ್ತು. ಹಿಂದಿನ ವರ್ಷವೇ ಒಂದು ರಾತ್ರಿ ನಿದ್ದೆ ಬಾರದೆ ಕಂಪ್ಯೂಟರಿನಲ್ಲಿ ಉಪಗ್ರಹದ ಚಿತ್ರ ತೆರೆದು ನೋಡಿದ್ದೆ. ಗುಡ್ಡದ ಮೇಲೆ ಬಾಚಣಿಗೆಯಿಂದ ಎಳೆದಂತೆ ಹಸಿರು ಸಾಲುಗಳು. ಅಕೇಶಿಯಾ. ಕೊಂಡವರ ಜಾಗ, ಅವರ ಲೆಕ್ಕಾಚಾರ. ತಪ್ಪೆನ್ನಲು ನನಗೇನು ಅಧಿಕಾರ? 'ಹಾಗೇ ಇರಬೇಕಮ್ಮಾ' ಎಂದೆ. ಅವಳು ಹೂಂ ಎಂದು ಡಬ್ಬಿಯ ಮುಚ್ಚಳ ಹಾಕಿದಳು.

ಅಮ್ಮ 2019ರಲ್ಲಿ ಹೋದಳು. ಕಾರ್ಯ ಮುಗಿದ ಸಂಜೆ ಚಿಕ್ಕಪ್ಪನ ಮಗ ಮಾತಿನ ನಡುವೆ ಹೇಳಿದ: 2011ರಲ್ಲೇ ಅಮ್ಮ ಅವನ ಬೈಕಿನ ಹಿಂದೆ ಕುಳಿತು ಹೋಗಿ ಬ್ಯಾಣ ನೋಡಿ ಬಂದಿದ್ದಳಂತೆ. ಸಸಿ ನೆಡಲು ಜೆಸಿಬಿ ಕೆಲಸ ಮಾಡುತ್ತಿತ್ತಂತೆ. 'ತಮ್ಮನಿಗೆ ಹೇಳಬೇಡ' ಎಂದಿದ್ದಳಂತೆ. ಮನೆಯಲ್ಲಿ ನನ್ನನ್ನು ತಮ್ಮ ಎಂದು ಕರೆಯುತ್ತಿದ್ದಳು.

ಅಟ್ಟದ ಮೇಲೆ ಅಪ್ಪನ ಹುಲ್ಲುಕತ್ತಿ ಸಿಕ್ಕಿತು. ಬಟ್ಟೆ ಸುತ್ತಿ ಸೂಟ್‌ಕೇಸಿನಲ್ಲಿಟ್ಟು ತಂದೆ. ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲಿ ಯಾರೂ ಕೇಳಲಿಲ್ಲ. ಉಪ್ಪಿನಕಾಯಿ ಬಾಟಲಿಯ ಬಗ್ಗೆ ಮಾತ್ರ ಎರಡು ಪ್ರಶ್ನೆ ಕೇಳಿದರು.

ರೈತರು 2020ರ ನವೆಂಬರಿನಲ್ಲಿ ಹೋದರು. ಕೋವಿಡ್ ನಿರ್ಬಂಧದ ದಿನಗಳು, ಅಂತ್ಯಕ್ರಿಯೆಗೆ ಬೆರಳೆಣಿಕೆಯ ಜನ. ಅದಕ್ಕೆ ನಾಲ್ಕು ವರ್ಷ ಮೊದಲು, ಒಂದು ಸೆಪ್ಟೆಂಬರ್‌ನಲ್ಲಿ, ಕ್ಲಿನಿಕ್ಕಿಗೆ ಬಂದವರು ಮೇಜಿನ ಮೇಲೆ ಒಂದು ಕಂದು ಲಕೋಟೆ ಇಟ್ಟಿದ್ದರು. ರೋಗಿ ಕೊಟ್ಟ ಲಕೋಟೆ ಎಂದರೆ ನಮ್ಮ ಊರಿನಲ್ಲಿ ಒಂದು ಅರ್ಥ, ಇಲ್ಲಿ ನೌಕರಿಗೆ ಸಂಚಕಾರ. ನನ್ನ ಮುಖ ನೋಡಿ ಅವರೇ ನಕ್ಕು ಒಡೆದು ತೋರಿಸಿದರು. ಯೆಲ್ಲೊ ರ‍್ಯಾಟಲ್ ಬೀಜ, ಚಪ್ಪಟೆ, ಕಂದು, ಕಾಗದದಷ್ಟು ಹಗುರ. 'ಇದು ಮುಂದಿನ ವರ್ಷಕ್ಕೆ ಇಟ್ಟರೆ ಸಾಯುತ್ತದೆ. ಈ ವಾರವೇ ಹಾಕಿ. ಹುಲ್ಲನ್ನು ಬುಡಕ್ಕೆ ಕತ್ತರಿಸಿ, ಮಣ್ಣು ಕಾಣುವ ಹಾಗೆ ಕೆರೆದು ಮೇಲೆ ಉದುರಿಸಿ. ಚಳಿ ಬಡಿಯದಿದ್ದರೆ ಮೊಳೆಯುವುದಿಲ್ಲ' ಎಂದರು.

ಹಾಗೇ ಮಾಡಿದೆ. ಮನೆಯ ಹಿಂದಿನ ಲಾನಿನ ಕಾಲು ಭಾಗ. ಮರುವರ್ಷ ಏಪ್ರಿಲ್‌ನಲ್ಲಿ ಒಂಬತ್ತು ಸಸಿ ಎದ್ದವು, ಅದರ ಮರುವರ್ಷ ಎಣಿಸಲಾಗಲಿಲ್ಲ. ಹುಲ್ಲು ನಿಜವಾಗಿಯೂ ತೆಳುವಾಯಿತು. ಕ್ಲೋವರ್ ಬಂತು, ಐಬ್ರೈಟ್ ಬಂತು. ಜುಲೈವರೆಗೆ ಯಂತ್ರ ಓಡಿಸುವಂತಿಲ್ಲವಾದ್ದರಿಂದ ಪಕ್ಕದ ಮನೆಯವರು, 'ನಿಮ್ಮ ಮೆಷಿನ್ ಕೆಟ್ಟಿದ್ದರೆ ನಮ್ಮದು ತೆಗೆದುಕೊಳ್ಳಿ' ಎಂದು ಬಲು ಸೌಜನ್ಯದಿಂದ ಹೇಳಿದರು. ಈಗ ಅವರೂ ಒಂದು ಮೂಲೆ ಬಿಟ್ಟಿದ್ದಾರೆ.

ರೈತರ ಮಗಳು ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದಾರೆ. ವಾಪಸ್ಸು ಬರುವ ಯೋಚನೆ ಅವರಿಗಿಲ್ಲ. ಇರಬೇಕೆಂದು ಹೇಳುವ ಸ್ಥಾನದಲ್ಲಿ ನಾನಂತೂ ಇಲ್ಲ. ಹೊಲವನ್ನು ಪಕ್ಕದವರಿಗೆ ಐದು ವರ್ಷದ ಕರಾರಿನ ಮೇಲೆ ಗುತ್ತಿಗೆ ಕೊಟ್ಟರು. ಜುಲೈ 15ರ ಮೊದಲು ಕೊಯ್ಯಬಾರದು, ಗೊಬ್ಬರ ಹಾಕಬಾರದು ಎಂದು ಬರೆಸಿಕೊಂಡಿದ್ದರಂತೆ. ಆ ಕರಾರು ಮುಗಿಯುವ ಕಾಲ ಬಂದಿದೆ. ಕಳೆದ ಜೂನ್‌ನಲ್ಲಿ ಆ ದಾರಿಯಲ್ಲಿ ನಡೆದಾಗ ಕ್ರೇನ್ಸ್‌ಬಿಲ್ ಇತ್ತು, ಬರ್ನೆಟ್ ಇತ್ತು. ಬಾಗಿಲ ಹತ್ತಿರ ಒಂದು ಪಟ್ಟಿಯಷ್ಟು ಜಾಗದಲ್ಲಿ ಮಾತ್ರ ಹುಲ್ಲು ಮಿಕ್ಕಿದ್ದಕ್ಕಿಂತ ಕಡು ಹಸಿರಾಗಿ, ಒಂದು ಗೇಣು ಎತ್ತರಕ್ಕೆ ನಿಂತಿತ್ತು. ಗೊಬ್ಬರದ ಚೀಲ ಅಲ್ಲಿ ಒಡೆದು ಚೆಲ್ಲಿತ್ತೋ, ಕುರಿಗಳು ಅಲ್ಲಿ ಹೆಚ್ಚು ಮಲಗಿದ್ದವೋ. ಮೇಲಿನ ಮನೆಯ ಬಾಗಿಲು ಹಾಕಿತ್ತು, ಕೇಳಲು ಯಾರೂ ಇರಲಿಲ್ಲ.

ಮನೆಯ ಲಾನನ್ನು ಜುಲೈ 19ರ ಶನಿವಾರ ಅಪ್ಪನ ಕತ್ತಿಯಿಂದ ಕೊಯ್ದೆ. ಅರ್ಧ ಗಂಟೆಯ ಕೆಲಸಕ್ಕೆ ಎರಡು ದಿನ ಸೊಂಟ ಹಿಡಿದಿತ್ತು. ಕೊಯ್ದ ಹುಲ್ಲನ್ನು ಕೊಡವಿದಾಗ ಉದುರಿದ ಬೀಜ ಎರಡು ಲಕೋಟೆ ತುಂಬುವಷ್ಟಾಯಿತು. ಒಂದನ್ನು ಲೀಡ್ಸ್‌ಗೆ ಕಳಿಸಿದೆ. ಮುಂದಿನ ಬೇಸಿಗೆಯ ಕೊಯ್ಲಿನ ಬೀಜ ನಮ್ಮ ಬಳಗದ ಯಾರಿಗಾದರೂ ಬೇಕಿದ್ದರೆ ಈಗಲೇ ಹೇಳಿಡಿ. ಮ್ಯೂಕರ್ ನೋಡಬೇಕೆನ್ನುವವರು ಜೂನ್ ಮೂರನೆಯ ವಾರ ನಮ್ಮ ಮನೆಗೆ ಬನ್ನಿ. ಮಳೆಯ ಕೋಟು ಮರೆಯಬೇಡಿ. ಪುಳಿಯೋಗರೆ ನಮ್ಮದು.